ನಡುವರ್ಷ ಬಂದ ಮಕ್ಕಳನ್ನೂ ಲೆಕ್ಕಕ್ಕೆ ಹಿಡಿಯಿರಿ: ಶಾಲಾ ಶಿಕ್ಷಣ ಇಲಾಖೆಯ ಆಯುಕ್ತರಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಆಯುಕ್ತರು,
ಶಾಲಾ ಶಿಕ್ಷಣ ಇಲಾಖೆ,
ನೃಪತುಂಗ ರಸ್ತೆ, ಬೆಂಗಳೂರು.

ವಿಷಯ: ನಗರದ ಸರ್ಕಾರಿ ಪ್ರಾಥಮಿಕ ಶಾಲೆಗಳ ಕಲಿಕಾ ಮಟ್ಟವನ್ನು ಅಳೆಯುವಾಗ ವಲಸೆ ಮಕ್ಕಳ ಸ್ಥಿತಿಯನ್ನು ಪರಿಗಣಿಸುವ ಕುರಿತು.

ಮಾನ್ಯರೇ,

ಬೆಂಗಳೂರಿನ ಪೂರ್ವ ಅಂಚಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಪೋಷಕ ಸದಸ್ಯೆಯಾಗಿರುವ ನಾನು, ಅಲ್ಲಿನ ಮಕ್ಕಳ ಕಲಿಕೆಯನ್ನು ಇಲಾಖೆ ಅಳೆಯುತ್ತಿರುವ ಕ್ರಮದ ಬಗ್ಗೆ ತಮ್ಮ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ. ನನ್ನ ಮಗ ಅದೇ ಶಾಲೆಯ ಐದನೇ ತರಗತಿಯಲ್ಲಿ ಓದುತ್ತಿದ್ದಾನೆ. ಶಾಲೆಯ ಹೆಸರನ್ನು ಬೇಕೆಂದೇ ಬರೆದಿಲ್ಲ. ಬರೆದರೆ ಮೊದಲು ಉತ್ತರ ಕೊಡಬೇಕಾಗುವುದು ಅಲ್ಲಿನ ಮುಖ್ಯ ಶಿಕ್ಷಕಿ. ಅವರು ಈಗಾಗಲೇ ಸಾಕಷ್ಟು ಉತ್ತರ ಕೊಟ್ಟಾಗಿದೆ. ಅಲ್ಲದೆ ನಾನು ಹೇಳಹೊರಟಿರುವುದು ಒಂದೇ ಶಾಲೆಗೆ ಸೀಮಿತವಾದ ಸಂಗತಿಯೂ ಅಲ್ಲ.

ಕಳೆದ ಶೈಕ್ಷಣಿಕ ವರ್ಷದ ಕೊನೆಯಲ್ಲಿ ನಡೆದ ಪರಿಶೀಲನಾ ಸಭೆಯೊಂದರಲ್ಲಿ ನಮ್ಮ ಶಾಲೆಯ ಹೆಸರು ಕಲಿಕೆಯಲ್ಲಿ ಹಿಂದುಳಿದ ಶಾಲೆಗಳ ಪಟ್ಟಿಯಲ್ಲಿತ್ತು. ಪಟ್ಟಿಯಲ್ಲಿ ಪ್ರತಿ ಶಾಲೆಯ ಎದುರು ಶೇಕಡಾವಾರು ಒಂದು ಅಂಕಿ ಇತ್ತು, ನಮ್ಮ ಸಾಲಿಗೆ ಕೆಂಪು ಬಣ್ಣ ಬಳಿಯಲಾಗಿತ್ತು. ಕೆಲವು ದಿನಗಳಲ್ಲಿ ಮುಖ್ಯ ಶಿಕ್ಷಕಿಗೆ ಕಾರಣ ಕೇಳಿ ಪತ್ರ ಬಂತು. ಅದರ ಜೊತೆಗಿದ್ದ ನಮೂನೆಯಲ್ಲಿ ಎರಡೇ ಅಂಕಣಗಳಿದ್ದವು: ‘ಕಡಿಮೆ ಸಾಧನೆಗೆ ಕಾರಣ’ ಮತ್ತು ‘ಕೈಗೊಂಡ ಕ್ರಮ’. ಒಂದೊಂದರಲ್ಲೂ ಒಂದು ಸಾಲು ಬರೆಯುವಷ್ಟು ಜಾಗ. ‘ಮಕ್ಕಳ ಗೈರುಹಾಜರಿ’ ಎಂದು ಒಂದರಲ್ಲಿ, ‘ಪೋಷಕರ ಸಭೆ ಕರೆಯಲಾಗಿದೆ’ ಎಂದು ಇನ್ನೊಂದರಲ್ಲಿ ಬರೆದು ಅವರು ಕಳುಹಿಸಿದರು. ಆ ಒಂದು ಸಾಲಿನಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಹೇಳಲು ಪ್ರಯತ್ನಿಸಿದ್ದೇನೆ.

ನಮ್ಮದು ಮೂಲತಃ ಹಳ್ಳಿಯ ಶಾಲೆ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ನಗರದ ಎಲ್ಲೆಯೊಳಗೆ ಬಂದ ಹಳ್ಳಿಗಳಲ್ಲಿ ನಮ್ಮದೂ ಒಂದು. ಅಲ್ಲಿಯವರೆಗೆ ಈ ಶಾಲೆಯಲ್ಲಿ ಓದುತ್ತಿದ್ದವರು ಊರಿನವರ ಮಕ್ಕಳೇ: ರಾಗಿ ಬೆಳೆಯುವವರು, ಹೂವು ತರಕಾರಿ ಬೆಳೆದು ಕೆ.ಆರ್. ಮಾರುಕಟ್ಟೆಗೆ ಸಾಗಿಸುತ್ತಿದ್ದವರು, ಅವರ ಹೊಲಗಳಲ್ಲಿ ದುಡಿಯುತ್ತಿದ್ದವರು. ಜಮೀನು ಲೇಔಟ್ ಆಯಿತು, ಲೇಔಟಿನ ಮಗ್ಗುಲಲ್ಲಿ ಅಪಾರ್ಟ್‌ಮೆಂಟುಗಳು ಎದ್ದವು; ಜಮೀನು ಮಾರಿದವರ ಮೊಮ್ಮಕ್ಕಳು ಹಳದಿ ಬಸ್ಸು ಹತ್ತಿ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗಳಿಗೆ ಹೋಗತೊಡಗಿದರು. ಶಿಕ್ಷಣ ಹಕ್ಕು ಕಾಯ್ದೆಯ 12(1)(ಸಿ) ಕಲಮಿನಡಿ ಖಾಸಗಿ ಶಾಲೆಗಳಲ್ಲಿ ಶೇ 25ರಷ್ಟು ಸೀಟುಗಳು ದೊರೆಯುತ್ತಿದ್ದ ವರ್ಷಗಳಲ್ಲಿ, ಬಡವರಲ್ಲೇ ಸ್ವಲ್ಪ ಅನುಕೂಲವಿದ್ದವರು, ಅಂದರೆ ವಿಳಾಸದ ಪುರಾವೆ, ಆದಾಯ ಪ್ರಮಾಣಪತ್ರಗಳನ್ನು ಹೊಂದಿಸಿಕೊಂಡು ಅರ್ಜಿ ಹಾಕಬಲ್ಲವರು, ಆ ದಾರಿಯಲ್ಲಿ ಹೊರಟರು. ಸಮೀಪದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಸಿಗದಂತೆ 2019–20ರ ಸಾಲಿನಿಂದ ರಾಜ್ಯದ ನಿಯಮ ಬದಲಾದರೂ ಹೋದವರು ಮರಳಲಿಲ್ಲ. ಕೊರೊನಾ ಕಾಲದಲ್ಲಿ ಶುಲ್ಕ ಕಟ್ಟಲಾಗದೆ ಕೆಲವರು ಮಕ್ಕಳನ್ನು ನಮ್ಮಲ್ಲಿ ತಂದು ಸೇರಿಸಿದರು. ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಮೇಲೆ ಅವರೂ ಹೋದರು. ನನ್ನ ಮಗನನ್ನು ಯಾಕೆ ಇನ್ನೂ ಇಲ್ಲೇ ಬಿಟ್ಟಿದ್ದೀರಿ ಎಂದು ನಮ್ಮ ಬೀದಿಯವರು ನನ್ನನ್ನು ಕೇಳುವುದುಂಟು.

ಈಗ ಶಾಲೆಯಲ್ಲಿರುವ ಮಕ್ಕಳು ಯಾರು ಎಂಬುದನ್ನು ತಿಳಿಯಲು ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಗೇಟಿನ ಬಳಿ ಹತ್ತು ನಿಮಿಷ ನಿಂತರೆ ಸಾಕು. ಯಾದಗಿರಿ, ರಾಯಚೂರು, ಕಲಬುರಗಿ ಜಿಲ್ಲೆಗಳಿಂದ ಗಾರೆ ಕೆಲಸಕ್ಕೆ, ಸೆಂಟ್ರಿಂಗ್ ಕೆಲಸಕ್ಕೆ ಬಂದು ತಗಡಿನ ಶೆಡ್ಡುಗಳಲ್ಲಿರುವವರ ಮಕ್ಕಳು ಹೆಚ್ಚು. ಅವರಲ್ಲಿ ತಾಂಡಾಗಳಿಂದ ಬಂದ ಲಂಬಾಣಿ ಮಕ್ಕಳೂ ಇದ್ದಾರೆ. ಅನಂತಪುರ, ಕರ್ನೂಲು ಕಡೆಯ ತೆಲುಗು ಮಕ್ಕಳು, ತಿರುವಣ್ಣಾಮಲೈ, ಧರ್ಮಪುರಿ ಕಡೆಯ ತಮಿಳು ಮಕ್ಕಳು, ದಖ್ಖನಿ ಉರ್ದು ಆಡುವ ಮಕ್ಕಳು ಇದ್ದಾರೆ. ಅಪಾರ್ಟ್‌ಮೆಂಟುಗಳ ವಾಚ್‌ಮನ್‌ಗಳಾದ ನೇಪಾಳಿಗಳ, ಹೌಸ್‌ಕೀಪಿಂಗ್ ಮಾಡುವ ಒಡಿಶಾ, ಬಿಹಾರದವರ ಮಕ್ಕಳೂ ವರ್ಷ ವರ್ಷ ಹೆಚ್ಚುತ್ತಿದ್ದಾರೆ. ಈ ನಗರದ ಕಟ್ಟಡಗಳನ್ನು ಕಟ್ಟುವವರ, ಗುಡಿಸುವವರ, ಕಾಯುವವರ ಮಕ್ಕಳಿಗೆ ಇರುವ ಶಾಲೆ ಇದೊಂದೇ. ನಮ್ಮ ದೂರು ಅವರ ಬಗ್ಗೆ ಅಲ್ಲ.

ದೂರು ಇರುವುದು ಅವರ ಬರುಹೋಗುವಿಕೆ ಇಲಾಖೆಯ ಲೆಕ್ಕದಲ್ಲಿ ಎಲ್ಲೂ ಕಾಣದಿರುವ ಬಗ್ಗೆ. ಊರಿನ ಶಾಲೆಗೆ ಮಕ್ಕಳು ಜೂನ್‌ನಲ್ಲಿ ಸೇರಿ ಏಪ್ರಿಲ್‌ವರೆಗೆ ಇರುತ್ತಾರೆ ಎಂಬ ಎಣಿಕೆಯ ಮೇಲೆ ನಮ್ಮ ಪಠ್ಯಕ್ರಮ, ಪರೀಕ್ಷೆ, ಶಿಕ್ಷಕರ ಹಂಚಿಕೆ ಎಲ್ಲವೂ ನಿಂತಿವೆ. ನಮ್ಮಲ್ಲಿ ನಡೆಯುವುದೇ ಬೇರೆ. ಮುಂಗಾರು ಕೈಕೊಟ್ಟ ವರ್ಷ ಶ್ರಾವಣ ಕಳೆಯುವುದರೊಳಗೆ ಹೊಸ ಮಕ್ಕಳು ಬರುತ್ತಾರೆ. ಬೆಳೆ ಬಂದ ವರ್ಷ ಸುಗ್ಗಿ ಮುಗಿಸಿಕೊಂಡು ದೀಪಾವಳಿ ದಾಟಿದ ಮೇಲೆ ಬರುತ್ತಾರೆ. ಊರ ಜಾತ್ರೆ, ಮದುವೆ, ಚುನಾವಣೆ ಎಂದು ವಾರಗಟ್ಟಲೆ ಹೋಗುತ್ತಾರೆ. ಒಂದು ಕಟ್ಟಡದ ಪ್ಲಾಸ್ಟರಿಂಗ್ ಮುಗಿದರೆ ಮೇಸ್ತ್ರಿ ಇಡೀ ತಂಡವನ್ನು ಸರ್ಜಾಪುರಕ್ಕೋ ದೇವನಹಳ್ಳಿಗೋ ಕರೆದೊಯ್ಯುತ್ತಾನೆ; ಒಂದೇ ವಾರದಲ್ಲಿ ತರಗತಿಯ ಅರ್ಧ ಬೆಂಚು ಖಾಲಿಯಾಗುತ್ತದೆ. ಯುಗಾದಿಗೆ ಊರಿಗೆ ಹೋದವರಲ್ಲಿ ಯಾರು ಮರಳುತ್ತಾರೆ, ಯಾರು ಇಲ್ಲ ಎಂಬುದು ಜೂನ್‌ವರೆಗೆ ಯಾರಿಗೂ ತಿಳಿಯದು.

ಈ ಎಲ್ಲ ಓಡಾಟಕ್ಕೆ ಶಾಲೆಯಲ್ಲಿರುವ ದಾಖಲೆ ಎಂದರೆ ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಬರೆದ ‘ಊರಿಗೆ ಹೋಗಿದ್ದಾರೆ’ ಎಂಬ ಎರಡು ಪದ. ಎಸ್‌ಎಟಿಎಸ್‌ನಲ್ಲಿ (ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಲ್ಲಿ) ಮಗುವಿನ ಹೆಸರು ಹಾಗೆಯೇ ಇರುತ್ತದೆ, ಶಾಲೆಯ ದಾಖಲಾತಿ ಸಂಖ್ಯೆಯೂ ಹಾಗೆಯೇ. ವರ್ಷಕ್ಕೆ ನಾಲ್ಕು ರೂಪಣಾತ್ಮಕ (ಕಲಿಕೆಯ ನಡುನಡುವೆ ಮಾಡುವ), ಎರಡು ಸಂಕಲನಾತ್ಮಕ (ಅವಧಿಯ ಕೊನೆಯಲ್ಲಿ ಮಾಡುವ) ಮೌಲ್ಯಮಾಪನಗಳು ನಡೆಯಬೇಕೆಂಬುದು ನಿಯಮ. ಡಿಸೆಂಬರ್‌ನಲ್ಲಿ ಬಂದು ಸೇರಿದ ಮಗು ಮೊದಲ ಎರಡು ರೂಪಣಾತ್ಮಕಗಳಿಗೂ ಮೊದಲ ಸಂಕಲನಾತ್ಮಕಕ್ಕೂ ನಮ್ಮಲ್ಲಿ ಕೂತಿರುವುದಿಲ್ಲ. ಆದರೂ ವರ್ಷದ ಕೊನೆಯಲ್ಲಿ ಅದರ ಹೆಸರಿನ ಮುಂದೆ ಆರೂ ಅಂಕಣಗಳು ತುಂಬಿರುವುದನ್ನು ನಾನೇ ಕಂಡಿದ್ದೇನೆ. ಹೇಗೆ ತುಂಬಿತು ಎಂದು ನಾನು ಶಿಕ್ಷಕರನ್ನು ಕೇಳಲಿಲ್ಲ. ಖಾಲಿ ಬಿಟ್ಟರೆ ಅವರಿಗೆ ಬರುವ ಪ್ರಶ್ನೆ ಏನೆಂದು ನನಗೂ ಗೊತ್ತು, ತಮಗೂ ಗೊತ್ತು. ಹೀಗೆ ಹುಟ್ಟಿದ ಅಂಕಗಳ ಸರಾಸರಿಯೇ ಪರಿಶೀಲನಾ ಸಭೆಯ ಆ ಕೆಂಪು ಸಾಲು.

ಶಾಲೆಯ ಕಲಿಕೆ ನಿಜಕ್ಕೂ ಹೇಗಿದೆ ಎಂದು ತಿಳಿಯಬೇಕೆನಿಸಿ, ಐದನೇ ತರಗತಿಯ ಶಿಕ್ಷಕಿಯ ಒಪ್ಪಿಗೆ ಪಡೆದು, ಹಾಜರಿ ಪುಸ್ತಕ ಮತ್ತು ದಾಖಲಾತಿ ವಹಿಯನ್ನು ಪಕ್ಕಪಕ್ಕ ಇಟ್ಟುಕೊಂಡು ಮಕ್ಕಳನ್ನು ಬೇರೆ ರೀತಿಯಲ್ಲಿ ವಿಂಗಡಿಸಿ ನೋಡಿದೆವು. ಒಂದನೇ ತರಗತಿಯಿಂದಲೂ ಇಲ್ಲೇ ಇರುವವರು ಒಂದು ಕಡೆ, ಕಳೆದ ಎರಡು ವರ್ಷಗಳಲ್ಲಿ ಬಂದವರು ಒಂದು ಕಡೆ, ಈ ವರ್ಷ ದಸರಾ ನಂತರ ಬಂದವರು ಇನ್ನೊಂದು ಕಡೆ. ಮೊದಲ ಗುಂಪಿನಲ್ಲಿ ಬಹುತೇಕ ಮಕ್ಕಳು ಕನ್ನಡ ಪಾಠವನ್ನು ತಡವರಿಸದೆ ಓದುತ್ತಾರೆ. ಪತ್ರಲೇಖನವನ್ನೂ ತಕ್ಕಮಟ್ಟಿಗೆ ಬರೆಯುತ್ತಾರೆ. ಮೂರನೆಯ ಗುಂಪಿನಲ್ಲಿ ಒತ್ತಕ್ಷರ ಬಂದಲ್ಲಿ ನಿಲ್ಲುವವರು, ಅಕ್ಷರವನ್ನೇ ಮರೆತವರು ಇದ್ದಾರೆ. ಅವರಲ್ಲಿ ಕೆಲವರು ಎರಡು ವರ್ಷಗಳಲ್ಲಿ ಮೂರನೇ ಶಾಲೆಯನ್ನು ನೋಡುತ್ತಿರುವವರು. ಇಷ್ಟೇ ಆಗಿದ್ದರೆ ನಮ್ಮ ಶಾಲೆಯದೇನೂ ತಪ್ಪಿಲ್ಲ ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಗಣಿತದಲ್ಲಿ ಚಿತ್ರ ಬೇರೆ. ಐದು ವರ್ಷ ಇಲ್ಲೇ ಕೂತು ಕಲಿತ ಮಕ್ಕಳಲ್ಲೂ ಹಲವರಿಗೆ ಭಾಗಾಕಾರ ಬರುವುದಿಲ್ಲ, ಭಿನ್ನರಾಶಿ ಎಂದರೆ ಹೆದರುತ್ತಾರೆ. ಇದಕ್ಕೆ ವಲಸೆ ಕಾರಣವಲ್ಲ; ಇದಕ್ಕೆ ಶಾಲೆಯೇ ಉತ್ತರ ಹೇಳಬೇಕು, ಎಸ್‌ಡಿಎಂಸಿಯೂ ಹೇಳಬೇಕು. ಎಲ್ಲವನ್ನೂ ಕಲಸಿದ ಒಂದೇ ಸರಾಸರಿಯಲ್ಲಿ ಶಾಲೆಯ ನಿಜವಾದ ಲೋಪವೂ ಮುಚ್ಚಿಹೋಗಿತ್ತು, ಶಾಲೆಯ ನಿಜವಾದ ದುಡಿಮೆಯೂ ಮುಚ್ಚಿಹೋಗಿತ್ತು ಎಂಬುದೇ ನಮಗೆ ಅಂದು ಹೊಳೆದ ವಿಷಯ. ಇಡೀ ಪತ್ರದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತೂ ಅದೇ: ಒಂದು ಶಾಲೆಯನ್ನು ದುರ್ಬಲ ಎಂದು ಕರೆಯುವ ಮೊದಲು, ಆ ತರಗತಿಯಲ್ಲಿ ಯಾವ ಮಗು ಎಷ್ಟು ಕಾಲ ಕೂತಿತ್ತು ಎಂಬುದನ್ನು ಇಲಾಖೆ ಕೇಳಬೇಕು.

ರಾಷ್ಟ್ರಮಟ್ಟದ ಸಮೀಕ್ಷೆಗಳು ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಮಕ್ಕಳ ಓದು, ಲೆಕ್ಕವನ್ನು ಅಳೆಯುವ, ಎಲ್ಲರೂ ಉಲ್ಲೇಖಿಸುವ ಅಸರ್ ವರದಿ ಗ್ರಾಮೀಣ ಭಾರತದ್ದು. ಅದರ ತಂಡಗಳು ನಮ್ಮಂಥ ನಗರದ ಬೀದಿಗೆ ಬರುವುದಿಲ್ಲ. 2024ರ ಡಿಸೆಂಬರ್ 4ರಂದು ನಡೆದ ಪರಖ್ ರಾಷ್ಟ್ರೀಯ ಸರ್ವೇಕ್ಷಣವು 3, 6 ಮತ್ತು 9ನೇ ತರಗತಿಗಳಲ್ಲಿ ಆಯ್ದ ಶಾಲೆಗಳ ಮಕ್ಕಳನ್ನು ಪರೀಕ್ಷಿಸಿ ಜಿಲ್ಲೆಯ ಮಟ್ಟದ ಚಿತ್ರ ಕೊಡುತ್ತದೆಯೇ ಹೊರತು ಒಂದು ಶಾಲೆಯ ಒಳಗೆ ಏನಾಗುತ್ತಿದೆ ಎಂದು ಹೇಳುವುದಿಲ್ಲ. ಹೇಳಬಲ್ಲ ದಾಖಲೆ ಇರುವುದು ತಮ್ಮ ಇಲಾಖೆಯ ಬಳಿಯೇ.

ಇದಕ್ಕಿಂತ ನೋವಿನ ಸಂಗತಿ ಎಂದರೆ, ಹೀಗೆ ಬಂದು ಹೋಗುವ ಮಕ್ಕಳಿಗೆ ತಕ್ಕ ಕಲಿಕಾ ಪದ್ಧತಿ ನಮ್ಮ ರಾಜ್ಯದಲ್ಲಿ ಹುಟ್ಟಿ ಮೂವತ್ತು ವರ್ಷ ಕಳೆದಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ಆರಂಭವಾದ ನಲಿ-ಕಲಿಯ ಮೂಲ ಕಾಳಜಿಯೇ ನಿಯಮಿತವಾಗಿ ಶಾಲೆಗೆ ಬರಲಾಗದ ಮಗು. ಪಾಠವನ್ನು ಇಡೀ ತರಗತಿಗೆ ಒಟ್ಟಾಗಿ ಓಡಿಸುವ ಬದಲು, ಪ್ರತಿ ಮಗುವೂ ಕಲಿಕಾ ಏಣಿಯ ಮೇಲೆ ತಾನಿರುವ ಮೆಟ್ಟಿಲಿನಿಂದ ಮುಂದುವರಿಯಲಿ, ಹದಿನೈದು ದಿನ ಬಾರದಿದ್ದರೂ ಬಿಟ್ಟಲ್ಲಿಂದಲೇ ಮತ್ತೆ ಹಿಡಿಯಲಿ ಎಂಬ ಯೋಚನೆ ಅದರದು. ನಮ್ಮ ಶಾಲೆಯ ಒಂದರಿಂದ ಮೂರನೇ ತರಗತಿಗಳ ಕೊಠಡಿಯಲ್ಲಿ ಇಂದಿಗೂ ಏಣಿಯ ಚಾರ್ಟು, ಕಾರ್ಡುಗಳು, ಯಾವ ಮಗು ಎಲ್ಲಿಯವರೆಗೆ ಬಂದಿದೆ ಎಂದು ತೋರಿಸುವ ಪ್ರಗತಿ ನೋಟ ಎಲ್ಲವೂ ಗೋಡೆಯ ಮೇಲಿವೆ. ಆದರೆ ಮಗು ಸರ್ಜಾಪುರಕ್ಕೆ ಹೊರಟಾಗ ಪ್ರಗತಿ ನೋಟ ನಮ್ಮ ಗೋಡೆಯ ಮೇಲೆಯೇ ಉಳಿಯುತ್ತದೆ. ಟಿಸಿಯಲ್ಲಿ ಜನ್ಮದಿನಾಂಕ, ಜಾತಿ, ನಡತೆ ಇರುತ್ತವೆ. ಈ ಮಗು ಯಾವ ಮೈಲಿಗಲ್ಲಿನಲ್ಲಿದೆ ಎಂಬುದು ಇರುವುದಿಲ್ಲ. ಅಲ್ಲಿನ ಶಿಕ್ಷಕರು ಅದನ್ನು ಮತ್ತೆ ಮೊದಲ ಮೆಟ್ಟಿಲಿಗೆ ನಿಲ್ಲಿಸುತ್ತಾರೆ. ನಮ್ಮಲ್ಲಿಗೆ ಬಂದ ಮಗುವಿಗೆ ನಾವೂ ಮಾಡುವುದು ಅದನ್ನೇ. ನಲಿ-ಕಲಿಯಲ್ಲಿ ಮೊದಲು ಕಲಿಸುವ ‘ರಗಸ’ದ ಅಕ್ಷರಗಳನ್ನು ಮೂರು ಶಾಲೆಗಳಲ್ಲಿ ಮೂರು ಸಲ ಕಲಿತು, ನಾಲ್ಕನೇ ತರಗತಿಗೆ ಕಾಲಿಟ್ಟ ಕೂಡಲೇ ಏಣಿ ಕಳಚಿ ಪಠ್ಯಪುಸ್ತಕ ಕೈಗೆ ಬಂದ ಮಕ್ಕಳನ್ನು ನಾನು ಬಲ್ಲೆ.

ಭಾಷೆಯ ವಿಚಾರ ಇನ್ನಷ್ಟು ಸೂಕ್ಷ್ಮ. ಕಳೆದ ವರ್ಷ ಮೌಲ್ಯಮಾಪನಕ್ಕೆಂದು ಹೊರಗಿನಿಂದ ಬಂದಿದ್ದವರು ನಾಲ್ಕನೇ ತರಗತಿಯ ಹುಡುಗಿಯೊಬ್ಬಳಿಗೆ ಹತ್ತು ಸಾಲಿನ ಕಥೆ ಓದಲು ಕೊಟ್ಟರು. ಅವಳು ಸುರಪುರದ ಕಡೆಯ ತಾಂಡಾದವಳು. ನಿಧಾನವಾಗಿ, ಬೆರಳಿಟ್ಟುಕೊಂಡು ಓದಿದಳು. ಕಥೆಯಲ್ಲಿ ಏನಾಯಿತು ಹೇಳು ಎಂದಾಗ ತಲೆ ತಗ್ಗಿಸಿ ನಿಂತಳು. ಪಕ್ಕದಲ್ಲಿದ್ದ ಇನ್ನೊಬ್ಬ ಹುಡುಗಿ ಅದೇ ಪ್ರಶ್ನೆಯನ್ನು ಲಂಬಾಣಿಯಲ್ಲಿ ಕೇಳಿದಳು. ಆಗ ಇವಳು ಕೈಬಾಯಿ ತಿರುಗಿಸುತ್ತ ಇಡೀ ಕಥೆಯನ್ನು ಹೇಳಿದಳು. ಕೇಳುತ್ತಿದ್ದವಳು ನಕ್ಕಳು, ಏಕೆಂದರೆ ಅದು ನಗಿಸುವ ಕಥೆಯೇ ಆಗಿತ್ತು. ನಮೂನೆಯಲ್ಲಿ ಮಾತ್ರ ‘ಅರ್ಥಗ್ರಹಣ ಇಲ್ಲ’ ಎಂಬ ಚೌಕಕ್ಕೆ ಗುರುತು ಬಿತ್ತು, ಯಾಕೆಂದರೆ ಇನ್ನೊಂದು ಚೌಕ ಅಲ್ಲಿರಲಿಲ್ಲ. ದಾಖಲಾತಿಯಲ್ಲಿ ಆ ಹುಡುಗಿಯ ಮಾತೃಭಾಷೆ ಕನ್ನಡ ಎಂದಿದೆ. ಜನಗಣತಿಯಲ್ಲಿ ಲಂಬಾಣಿಯನ್ನು ಹಿಂದಿಯ ಕೆಳಗೆ ಸೇರಿಸುತ್ತಾರೆ, ನಾವು ಕನ್ನಡದ ಕೆಳಗೆ ಸೇರಿಸಿದ್ದೇವೆ. ಆ ಭಾಷೆಗೆ ತನ್ನದೇ ಸಾಲು ಎಲ್ಲೂ ಸಿಕ್ಕಿಲ್ಲ. ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೆಯಲ್ಲಿ ಬೋಧನೆ ನಡೆಯಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮು ಹೇಳುತ್ತದೆ. ಎಂಟು ಭಾಷೆಯ ಮಕ್ಕಳಿರುವ ಕೊಠಡಿಯಲ್ಲಿ ಎಂಟು ಭಾಷೆಯಲ್ಲಿ ಪಾಠ ಮಾಡಿ ಎಂದು ಯಾರೂ ಕೇಳುತ್ತಿಲ್ಲ. ಮನೆಯಲ್ಲಿ ಆಡುವ ಭಾಷೆ ಯಾವುದು ಎಂದು ಸರಿಯಾಗಿ ಬರೆದುಕೊಂಡರೆ ಸಾಕು. ಯಾರಿಗೆ ಕನ್ನಡವನ್ನು ಮನೆಮಾತಾಗಿ ಕಲಿಸಬೇಕು, ಯಾರಿಗೆ ಹೊಸ ಭಾಷೆಯಾಗಿ ಕಲಿಸಬೇಕು ಎಂಬುದಾದರೂ ಶಿಕ್ಷಕರಿಗೆ ತಿಳಿಯುತ್ತದೆ.

ಇಂಗ್ಲಿಷ್ ವಿಭಾಗದ ಕುರಿತು ಒಂದು ಮಾತು. 2019–20ರಲ್ಲಿ ರಾಜ್ಯದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಆರಂಭವಾಗಿ ನಂತರ ವಿಸ್ತರಿಸುತ್ತಿರುವ ಇಂಗ್ಲಿಷ್ ಮಾಧ್ಯಮದ, ದ್ವಿಭಾಷಾ ತರಗತಿಗಳು ನಮ್ಮಲ್ಲೂ ಇವೆ. ಪೋಷಕರು ಅದನ್ನು ಬಯಸುತ್ತಾರೆ, ಶೆಡ್ಡಿನಲ್ಲಿರುವವರು ಎಲ್ಲರಿಗಿಂತ ಹೆಚ್ಚಾಗಿ ಬಯಸುತ್ತಾರೆ. ಆದರೆ ಸೀಟುಗಳಿಗೆ ಮಿತಿ ಇರುವುದರಿಂದ ಮೇ ತಿಂಗಳಲ್ಲೇ ಅರ್ಜಿ ಕೊಡಬಲ್ಲ, ನಗರದಲ್ಲಿ ನೆಲೆಯೂರಿದ ಮನೆಯ ಮಕ್ಕಳು ಆ ವಿಭಾಗವನ್ನು ತುಂಬುತ್ತಾರೆ. ದೀಪಾವಳಿಯ ನಂತರ ಬಂದವರಿಗೆ ಉಳಿಯುವುದು ಕನ್ನಡ ವಿಭಾಗ. ವರ್ಷದ ಕೊನೆಯಲ್ಲಿ ಎರಡೂ ವಿಭಾಗಗಳ ಫಲಿತಾಂಶವನ್ನು ಅಕ್ಕಪಕ್ಕ ಇಟ್ಟು, ಇಂಗ್ಲಿಷ್ ಮಾಧ್ಯಮದ ಮಕ್ಕಳು ಮುಂದಿದ್ದಾರೆ ಎಂದು ಸಭೆಯಲ್ಲಿ ಹೇಳಿದ್ದನ್ನು ನಾನು ಕೇಳಿದ್ದೇನೆ. ಮಾಧ್ಯಮಕ್ಕೂ ಆ ಅಂತರಕ್ಕೂ ಎಷ್ಟು ಸಂಬಂಧ ಇದೆಯೋ ನನಗೆ ತಿಳಿಯದು. ಯಾರು ಜೂನ್‌ನಿಂದ ಇದ್ದರು, ಯಾರು ಜನವರಿಯಲ್ಲಿ ಬಂದರು ಎಂಬುದಕ್ಕೆ ಸಂಬಂಧ ಇರುವುದಂತೂ ಹಾಜರಿ ಪುಸ್ತಕ ನೋಡಿದ ಯಾರಿಗಾದರೂ ಗೊತ್ತಾಗುತ್ತದೆ. ಕನ್ನಡದಲ್ಲಿ ಕಲಿತರೆ ಹಿಂದುಳಿಯುತ್ತಾರೆ ಎಂಬ ನಂಬಿಕೆಗೆ ಸರ್ಕಾರಿ ಶಾಲೆಯ ಒಳಗಿನಿಂದಲೇ ಪುರಾವೆ ಒದಗಿಸುವ ಕೆಲಸ ಹೀಗೆ ಸದ್ದಿಲ್ಲದೆ ನಡೆಯುತ್ತಿದೆ.

ಶಿಕ್ಷಕರ ಸಂಖ್ಯೆಯ ಲೆಕ್ಕವೂ ಇದೇ ಕಾರಣಕ್ಕೆ ತಪ್ಪುತ್ತದೆ. ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೇ ತರಗತಿಗಳಲ್ಲಿ 91ರಿಂದ 120 ಮಕ್ಕಳಿಗೆ ನಾಲ್ವರು, 121ರಿಂದ 200ರವರೆಗೆ ಐವರು ಶಿಕ್ಷಕರಿರಬೇಕು. 150 ದಾಟಿದರೆ ಮುಖ್ಯ ಶಿಕ್ಷಕರ ಹುದ್ದೆ ಬೇರೆ. ಒಂದು ನಿಗದಿತ ದಿನದ ದಾಖಲಾತಿಯನ್ನು ಹಿಡಿದು ಹೆಚ್ಚುವರಿ ಶಿಕ್ಷಕರನ್ನು ಗುರುತಿಸಿ ಬೇರೆಡೆ ಕಳುಹಿಸಿದ ಮೇಲೆ, ನವೆಂಬರ್‌ನಲ್ಲಿ ಮಕ್ಕಳು ಬಂದು ಸಂಖ್ಯೆ ಮಿತಿ ದಾಟಿದರೂ ಹುದ್ದೆ ಮರಳುವುದಿಲ್ಲ. ಬರುವುದಾದರೆ ಅತಿಥಿ ಶಿಕ್ಷಕರು ಬರುತ್ತಾರೆ, ಅದೂ ತಡವಾಗಿ. ಇದ್ದ ಶಿಕ್ಷಕರಾದರೂ ತರಗತಿಯಲ್ಲಿ ಇರುತ್ತಾರೆಯೇ? ಮತದಾರರ ಪಟ್ಟಿಯ ಕೆಲಸ ವರ್ಷದುದ್ದಕ್ಕೂ ಇರುತ್ತದೆ. 2025ರ ದಸರಾ ಸಮಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ರಾಜ್ಯದ ಶಿಕ್ಷಕರು ಮನೆಮನೆ ತಿರುಗಿದರು, ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಸಮೀಕ್ಷೆಯೇ ಬೇಡ ಎಂದು ನಾನು ಹೇಳುವುದಿಲ್ಲ; ನಮ್ಮ ಶಾಲೆಯ ಮಕ್ಕಳಂಥವರ ಸ್ಥಿತಿ ತಿಳಿಯಲು ಅಂಥ ಸಮೀಕ್ಷೆ ಬೇಕೇ ಬೇಕು. ಆದರೆ ಶಿಕ್ಷಕರನ್ನು ಬೋಧನೇತರ ಕೆಲಸಕ್ಕೆ ಹಚ್ಚುವುದನ್ನು ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಗಳಿಗೆ ಮಾತ್ರ ಸೀಮಿತಗೊಳಿಸಿರುವ 27ನೇ ಕಲಮು ಈಗಲೂ ಕಾಯ್ದೆಯಲ್ಲಿದೆ. ಕಲಿಕೆಗೆ ಕಳೆದುಹೋದ ದಿನಗಳ ಪೆಟ್ಟು ಎಲ್ಲ ಮಕ್ಕಳಿಗೂ ಒಂದೇ ಸಮನಾಗಿ ಬೀಳುವುದಿಲ್ಲ: ನನ್ನ ಮಗನಿಗೆ ಮನೆಯಲ್ಲಿ ನಾನಿದ್ದೇನೆ, ತಂದೆತಾಯಿ ಇಬ್ಬರೂ ಬೆಳಗ್ಗೆ ಏಳಕ್ಕೆ ಕೆಲಸಕ್ಕೆ ಹೋಗುವ ಮಗುವಿಗೆ ಶಾಲೆ ಬಿಟ್ಟರೆ ಕಲಿಸುವವರಿಲ್ಲ.

ಇನ್ನು ದಾಖಲೆಗಳ ಕಾಟ. ಟಿಸಿ ತಡವಾಯಿತೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು 5ನೇ ಕಲಮು, ವಯಸ್ಸಿನ ದಾಖಲೆ ಇಲ್ಲವೆಂದು ನಿರಾಕರಿಸುವಂತಿಲ್ಲ ಎಂದು 14ನೇ ಕಲಮು ಸ್ಪಷ್ಟವಾಗಿ ಹೇಳುತ್ತವೆ. ನಮ್ಮ ಶಾಲೆ ಯಾವ ಮಗುವನ್ನೂ ವಾಪಸು ಕಳುಹಿಸುವುದಿಲ್ಲ. ಮೊದಲು ಕೂರಿಸಿಕೊಳ್ಳುತ್ತಾರೆ, ಬಿಸಿಯೂಟ ಬಡಿಸುತ್ತಾರೆ. ಆದರೆ ಹಳೆಯ ಶಾಲೆ ಎಸ್‌ಎಟಿಎಸ್‌ನಲ್ಲಿ ಮಗುವನ್ನು ಬಿಡುಗಡೆ ಮಾಡದಿದ್ದರೆ, ಆಧಾರ್‌ನಲ್ಲಿ ಹೆಸರು ಒಂದು, ಟಿಸಿಯಲ್ಲಿ ಇನ್ನೊಂದು ಇದ್ದರೆ, ತಿಂಗಳುಗಟ್ಟಲೆ ಆ ಮಗು ಕೊಠಡಿಯಲ್ಲಿ ಇದ್ದೂ ಲೆಕ್ಕದಲ್ಲಿ ಇರುವುದಿಲ್ಲ. ಅದರ ಪಾಲಿನ ಪುಸ್ತಕ, ಸಮವಸ್ತ್ರ, ಶೂ ಹಂಚಿಕೆಯಲ್ಲಿ ಬರುವುದಿಲ್ಲ. ವಿದ್ಯಾರ್ಥಿವೇತನಕ್ಕೆ ಬೇಕಾದ ಜಾತಿ ಪ್ರಮಾಣಪತ್ರ ತರಲು ತಂದೆ ಎರಡು ದಿನದ ಕೂಲಿ ಬಿಟ್ಟು ಊರಿಗೆ ಹೋಗಬೇಕು. ಬಸ್ ಚಾರ್ಜು ಲೆಕ್ಕ ಹಾಕಿದರೆ ವಿದ್ಯಾರ್ಥಿವೇತನವೇ ಬೇಡವೆನಿಸುತ್ತದೆ ಎಂದು ಒಬ್ಬರು ನನಗೆ ಹೇಳಿದರು. ಅವರ ಮಾತಿನಲ್ಲಿ ದೂರೂ ಇರಲಿಲ್ಲ.

ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯದಲ್ಲಿ 2013ರಲ್ಲಿ ರಾಜ್ಯ ಹೈಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡ ಮೇಲೆ, ಹೊರಗುಳಿದವರನ್ನು ಹುಡುಕಿ ಸೇರಿಸುವ ಕೆಲಸಕ್ಕೆ ಇಲಾಖೆ ಒತ್ತು ಕೊಟ್ಟಿದೆ. ಸೇರಿಸಿದ ಮೇಲೆ ಏನು ಎಂಬುದು ಉಳಿದ ಪ್ರಶ್ನೆ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿದ ಮಗುವಿಗೆ ಸರಿಸಮಕ್ಕೆ ಬರುವಂತೆ ವಿಶೇಷ ತರಬೇತಿ ಪಡೆಯುವ ಹಕ್ಕಿದೆ ಎಂದು 4ನೇ ಕಲಮು ಹೇಳುತ್ತದೆ. ನಮ್ಮ ಶಾಲೆಯಲ್ಲಿ ಆ ತರಬೇತಿ ಎಂದರೆ ಮಧ್ಯಾಹ್ನದ ಕೊನೆಯ ಅವಧಿಯಲ್ಲಿ, ಬಿಡುವಿದ್ದ ಶಿಕ್ಷಕಿ ಯಾರೋ ಒಬ್ಬರು ವರಾಂಡದಲ್ಲಿ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಬರೆಸುವುದು. ಬಿಡುವಿದ್ದರೆ ಮಾತ್ರ.

ಆದ್ದರಿಂದ ಮಾನ್ಯರೇ, ನಮ್ಮ ಕೋರಿಕೆಗಳು ಇವು. ಎಸ್‌ಎಟಿಎಸ್‌ನಲ್ಲಿ ಪ್ರತಿ ಮಗುವಿಗೂ ಈ ಶಾಲೆಗೆ ಬಂದ ತಿಂಗಳು, ಹಿಂದಿನ ಎರಡು ವರ್ಷಗಳಲ್ಲಿ ಬದಲಿಸಿದ ಶಾಲೆಗಳು, ಮನೆಯಲ್ಲಿ ಆಡುವ ಭಾಷೆ ಇವಿಷ್ಟನ್ನು ದಾಖಲಿಸುವ ವ್ಯವಸ್ಥೆಯಾಗಲಿ. ಶಾಲೆಯ ಫಲಿತಾಂಶವನ್ನು ಪರಿಶೀಲಿಸುವಾಗ ಒಂದು ಸರಾಸರಿಯ ಬದಲು, ಪೂರ್ಣ ವರ್ಷ ಇದ್ದ ಮಕ್ಕಳದ್ದು ಬೇರೆ, ನಡುವೆ ಬಂದವರದ್ದು ಬೇರೆ ತೋರಿಸಲಿ. ನಡುವೆ ಬಂದವರ ವಿಷಯದಲ್ಲಿ ಬಂದ ದಿನ ಎಲ್ಲಿದ್ದರು, ಈಗ ಎಲ್ಲಿದ್ದಾರೆ ಎಂಬ ಅಂತರವನ್ನೇ ಶಾಲೆಯ ಸಾಧನೆ ಎಂದು ಪರಿಗಣಿಸಲಿ. ಮಗು ಕೂರದ ಮೌಲ್ಯಮಾಪನದ ಅಂಕಣವನ್ನು ಖಾಲಿ ಬಿಡಲು ಶಿಕ್ಷಕರಿಗೆ ಲಿಖಿತವಾಗಿ ಅನುಮತಿ ಕೊಡಲಿ, ಅದಕ್ಕಾಗಿ ನೋಟಿಸ್ ಬಾರದಿರಲಿ. ಟಿಸಿಯ ಜೊತೆಗೆ, ಅಥವಾ ಟಿಸಿ ಸಿಗದಿದ್ದರೂ ಎಸ್‌ಎಟಿಎಸ್ ಮೂಲಕ, ನಲಿ-ಕಲಿಯ ಮೈಲಿಗಲ್ಲು ಮುಂದಿನ ಶಾಲೆಗೆ ತಲುಪಲಿ. ಇದಕ್ಕೆ ಹೊಸ ಯೋಜನೆಯೂ ಬೇಡ, ಹೊಸ ಹೆಸರೂ ಬೇಡ. ಕಲಿಕಾ ಚೇತರಿಕೆ, ಮರುಸಿಂಚನ ಎಂದು ಹೆಸರುಗಳು ನಮ್ಮಲ್ಲಿ ಈಗಾಗಲೇ ಬೇಕಾದಷ್ಟಿವೆ.

ಶಿಕ್ಷಕರ ಹಂಚಿಕೆಗೆ ವರ್ಷಕ್ಕೆ ಎರಡು ಬಾರಿ, ದೀಪಾವಳಿಯ ನಂತರ ಇನ್ನೊಮ್ಮೆ, ದಾಖಲಾತಿಯನ್ನು ನೋಡುವ ಪದ್ಧತಿ ನಗರದ ಬ್ಲಾಕ್‌ಗಳಿಗಾದರೂ ಬರಲಿ. ಹತ್ತು ಶಾಲೆಗಳ ಒಂದು ಕ್ಲಸ್ಟರಿಗೆ ಒಬ್ಬರಂತೆ, ವಿಶೇಷ ತರಬೇತಿಯ ಕೆಲಸವನ್ನಷ್ಟೇ ಮಾಡುವ ಶಿಕ್ಷಕರನ್ನು ಕೊಡಲಿ. ಲಂಬಾಣಿ, ತೆಲುಗು, ಹಿಂದಿ ಬಲ್ಲವರು ಸಿಕ್ಕರೆ ಇನ್ನೂ ಒಳ್ಳೆಯದು. ಇಂಗ್ಲಿಷ್ ವಿಭಾಗದ ಸೀಟುಗಳಲ್ಲಿ ಒಂದು ಪಾಲನ್ನು ನಡುವರ್ಷ ಬರುವವರಿಗೆಂದು ಉಳಿಸಿಕೊಳ್ಳಲಿ. ಕಟ್ಟಡ ನಿರ್ಮಾಣದ ವೆಚ್ಚದ ಮೇಲೆ ಶೇ 1ರಷ್ಟು ಸೆಸ್ ಪಡೆಯುವ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಕಾರ್ಮಿಕ ಇಲಾಖೆಯ ಅಡಿಯಲ್ಲಿದೆ. ಯಾವ ಸೈಟಿನಲ್ಲಿ ಎಷ್ಟು ಕುಟುಂಬಗಳಿವೆ, ಎಷ್ಟು ಮಕ್ಕಳಿದ್ದಾರೆ ಎಂಬ ಮಾಹಿತಿಯನ್ನು ಗುತ್ತಿಗೆದಾರರಿಂದ ಪಡೆದು ಹತ್ತಿರದ ಶಾಲೆಗೆ ತಲುಪಿಸುವಂತೆ ಆ ಇಲಾಖೆಯೊಂದಿಗೆ ತಾವು ಮಾತಾಡಿದರೆ, ತಂಡ ಬಂದ ವಾರವೇ ಮಕ್ಕಳು ಶಾಲೆಗೆ ಬರಬಹುದು. ಈಗ ಅವರು ನಮ್ಮ ಕಣ್ಣಿಗೆ ಬೀಳಲು ತಿಂಗಳುಗಳೇ ಹಿಡಿಯುತ್ತವೆ.

ಎಸ್‌ಡಿಎಂಸಿ ಬಗ್ಗೆಯೂ ಹೇಳಬೇಕು. ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ದುರ್ಬಲ ವರ್ಗಗಳ ಪೋಷಕರಿಗೆ ಅವರ ಮಕ್ಕಳ ಪ್ರಮಾಣಕ್ಕೆ ತಕ್ಕ ಪ್ರಾತಿನಿಧ್ಯ ಇರಬೇಕು ಎಂದು ಕಾಯ್ದೆಯಲ್ಲಿದೆ. ನಮ್ಮ ಸಭೆಗಳು ಕೆಲಸದ ದಿನ ಬೆಳಗ್ಗೆ ಹನ್ನೊಂದಕ್ಕೆ ನಡೆಯುತ್ತವೆ. ದಿನಗೂಲಿಯವರು ಬರುವುದಿಲ್ಲ, ಬರಲಾರರು. ಹಾಗಾಗಿ ವಲಸೆ ಮಕ್ಕಳೇ ಹೆಚ್ಚಾಗಿರುವ ಶಾಲೆಯ ಬಗ್ಗೆ ಮಾತಾಡುವವರು ನನ್ನಂಥ ಸ್ವಂತ ಮನೆಯವರು. ಸಭೆಯನ್ನು ಭಾನುವಾರ ಅಥವಾ ಸಂಜೆ ನಡೆಸಲು ಸ್ಪಷ್ಟ ಸೂಚನೆ ಬಂದರೆ ಇದು ಬದಲಾಗಬಹುದು.

ಒಂದು ಎಚ್ಚರಿಕೆಯನ್ನೂ ಕೋರುತ್ತೇನೆ. ಮಕ್ಕಳ ಹಿನ್ನೆಲೆಯನ್ನು ದಾಖಲಿಸಿ ಎಂದು ಕೇಳಿದೊಡನೆ, ಯಾವ ಜಾತಿಯ, ಯಾವ ಜಿಲ್ಲೆಯ, ಯಾವ ಧರ್ಮದ ಮಕ್ಕಳು ಹಿಂದಿದ್ದಾರೆ ಎಂಬ ಪಟ್ಟಿ ಮೊಬೈಲ್‌ಗಳಲ್ಲಿ ಹರಿದಾಡುವ ಅಪಾಯವಿದೆ. ‘ಆ ಕಡೆಯ ಮಕ್ಕಳಿಂದ ನಮ್ಮ ಶಾಲೆ ಕೆಟ್ಟಿತು’ ಎಂಬ ಮಾತನ್ನು ನಮ್ಮ ಊರಿನವರ ಬಾಯಲ್ಲಿ ಈಗಲೇ ಕೇಳುತ್ತಿದ್ದೇನೆ. ಅದಕ್ಕೆ ಸರ್ಕಾರದ ಅಂಕಿಅಂಶವೂ ಸೇರಿದರೆ ಹೇಳುವುದೇ ಬೇಡ. ಶಾಲೆಯಲ್ಲಿ ಕಳೆದ ಕಾ‌ಲ ಮತ್ತು ಮನೆಮಾತು ಇವೆರಡೇ ಕಲಿಕೆಯ ಪರಿಶೀಲನೆಗೆ ಸಾಕು. ಶಾಲಾವಾರು ವಿವರ ಶಾಲೆ, ಎಸ್‌ಡಿಎಂಸಿ ಮತ್ತು ಇಲಾಖೆಯೊಳಗೆ ಇರಲಿ. ಯಾವ ಮಗುವನ್ನೂ ಗುರುತಿಸುವಂಥ ಪಟ್ಟಿ ಹೊರಬೀಳದಿರಲಿ.

ಈ ವರ್ಷದ ಎರಡನೇ ಸಂಕಲನಾತ್ಮಕ ಮೌಲ್ಯಮಾಪನ ಮುಗಿದ ಮೇಲೆ ಮತ್ತೆ ಪರಿಶೀಲನಾ ಸಭೆಗಳು ನಡೆಯುತ್ತವೆ, ಮತ್ತೆ ಪಟ್ಟಿಗಳು ಸಿದ್ಧವಾಗುತ್ತವೆ. ಅದಕ್ಕೆ ಮುಂಚೆ ನಗರದ ಯಾವುದಾದರೂ ಒಂದು ಬ್ಲಾಕ್‌ನಲ್ಲಿ, ಐದನೇ ತರಗತಿಗೆ ಮಾತ್ರ, ಮೇಲೆ ಹೇಳಿದಂತೆ ಮಕ್ಕಳನ್ನು ವಿಂಗಡಿಸಿ ಫಲಿತಾಂಶ ನೋಡಲು ತಾವು ಆದೇಶಿಸಬೇಕೆಂದು ಕೋರುತ್ತೇನೆ. ಅದಕ್ಕೆ ಬೇಕಾಗಿರುವುದು ಶಾಲೆಗಳಲ್ಲಿ ಈಗಾಗಲೇ ಇರುವ ಎರಡು ಪುಸ್ತಕಗಳು ಮತ್ತು ಶಿಕ್ಷಕರ ಒಂದು ಮಧ್ಯಾಹ್ನ. ನಮ್ಮ ಶಾಲೆಯಲ್ಲಿ ಮಾಡಿದ ವಿಂಗಡಣೆಯ ಪ್ರತಿಯನ್ನು, ಮಕ್ಕಳ ಹೆಸರು ತೆಗೆದು, ತಮ್ಮ ಕಚೇರಿಗೆ ತಂದುಕೊಡಲು ನಾವು ಸಿದ್ಧರಿದ್ದೇವೆ. ಸಮಯ ತಿಳಿಸಿದರೆ ಎಸ್‌ಡಿಎಂಸಿಯ ಇಬ್ಬರು ಸದಸ್ಯರೊಂದಿಗೆ ಬಂದು ಕಾಣುತ್ತೇನೆ. ಅವರಲ್ಲಿ ಒಬ್ಬರು ಸೆಂಟ್ರಿಂಗ್ ಕೆಲಸದವರಾದ್ದರಿಂದ ಭಾನುವಾರವಲ್ಲದಿದ್ದರೂ ಸಂಜೆಯ ವೇಳೆ ಕೊಟ್ಟರೆ ಅನುಕೂಲ.

ತಮ್ಮ ವಿಶ್ವಾಸಿ,
ಎಸ್‌ಡಿಎಂಸಿ ಪೋಷಕ ಸದಸ್ಯೆ,
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಬೆಂಗಳೂರು ಪೂರ್ವ